ಚಂದ್ರಿಕಾ ಏರು ಹತ್ತಿದ್ದು

ಡನೀಡಿನ್‌ಗೆ ಬಂದ ಆರನೆಯ ದಿನದ ಹೊತ್ತಿಗೆ ಮಗಳ ಮನೆಯಲ್ಲಿ ತೊಳೆಯುವುದಕ್ಕೆ ಚಂದ್ರಿಕಾಗೆ ಏನೂ ಉಳಿದಿರಲಿಲ್ಲ. ಕಿಟಕಿಯ ಸಂದಿಗಳಲ್ಲಿ ಕಟ್ಟಿದ್ದ ಕಪ್ಪು ಬೂಷ್ಟನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆದಾಗಿತ್ತು. ಮಸಾಲೆ ಡಬ್ಬಿಗಳಿಗೆ ಚೀಟಿ ಅಂಟಿಸಿಯಾಗಿತ್ತು. ಹೊದಿಕೆಗಳನ್ನು ಎರಡು ಸಲ ಒಗೆದಿದ್ದರು. ಎರಡನೆಯ ಸಲದವು ಇನ್ನೂ ಒಣಗದೆ ಕೋಣೆ ಬಿಸಿ ಮಾಡುವ ಹೀಟ್ ಪಂಪಿನ ಮುಂದೆ ಕುರ್ಚಿಗಳ ಮೇಲೆ ತೂಗಾಡುತ್ತಿದ್ದವು.

“ಅಮ್ಮಾ, ಪ್ಲೀಸ್ ಕೂತ್ಕೊ,” ಎಂದಳು ಸೋಫಾದ ಮೇಲೆ ಕಾಲು ಚಾಚಿಕೊಂಡಿದ್ದ ಮಾನ್ಯ. “ನಿನ್ನ ನೋಡ್ತಾ ಇದ್ರೇ ನಂಗೆ ಟಯರ್ಡ್ ಆಗುತ್ತೆ.”

ಚಂದ್ರಿಕಾ ಕೂತರು. ಐದು ನಿಮಿಷಕ್ಕೆ ಮತ್ತೆ ಎದ್ದರು.

ಐವತ್ತನಾಲ್ಕರ ಚಂದ್ರಿಕಾ ಮೈಸೂರಿನವರು. ಗಂಡ ಶ್ರೀನಿವಾಸ್‌ಗೆ ಪಾಮರ್ಸ್ಟನ್ ನಾರ್ತ್‌ನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಾಗ ನಾಲ್ಕು ವರ್ಷದ ಮಾನ್ಯಳನ್ನು ಕಟ್ಟಿಕೊಂಡು ದೇಶ ಬಿಟ್ಟು ಬಂದವರು, ಇಪ್ಪತ್ತೊಂದು ವರ್ಷವಾಯಿತು, ಅದೇ ಊರಿನಲ್ಲಿದ್ದಾರೆ. ಅಲ್ಲಿ ಬೀಜ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ. ಒದ್ದೆ ಕಾಗದದ ಮೇಲೆ ಹುಲ್ಲಿನ ಬೀಜಗಳನ್ನು ಸಾಲಾಗಿ ಜೋಡಿಸಿಟ್ಟು, ವಾರ ಕಳೆದ ಮೇಲೆ ಯಾವುದು ಮೊಳೆತಿದೆ, ಯಾವುದು ಕೊಳೆತಿದೆ ಎಂದು ನೋಡಿ ಬರೆಯುವುದು. ಬೇರೆಯವರಿಗೆ ಬೇಸರ ತರಿಸುವ ಆ ಕೆಲಸ ಅವರಿಗೆ ಹಿಡಿಸಿತ್ತು. ಅವರ ಬೆರಳುಗಳಿಗೆ ಸದಾ ಏನಾದರೂ ಬೇಕಿತ್ತು.

ಮಾನ್ಯ ಡನೀಡಿನ್‌ನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಮೇ ತಿಂಗಳಲ್ಲಿ ನೆಟ್‌ಬಾಲ್ ಆಡುತ್ತಿದ್ದಾಗ ಬಲಮಂಡಿ ತಿರುಚಿ ಒಳಗಿನ ಲಿಗಮೆಂಟ್ ಹರಿಯಿತು. ಜೂನ್ ಮೊದಲ ವಾರ, ಇಲ್ಲಿನ ಚಳಿಗಾಲದ ಶುರುವಿಗೆ, ಆಪರೇಷನ್. ಆರು ವಾರ ಗಾಡಿ ಓಡಿಸುವ ಹಾಗಿಲ್ಲ, ಊರುಗೋಲು ಇಲ್ಲದೆ ಹೆಜ್ಜೆ ಇಡುವ ಹಾಗಿಲ್ಲ. ಅವಳ ಫ್ಲಾಟ್‌ಮೇಟ್ ಕೆಲಸ ಬದಲಾಯಿಸಿ ನೆಲ್ಸನ್‌ಗೆ ಹೋಗಿ ತಿಂಗಳಾಗಿತ್ತು. ಚಂದ್ರಿಕಾ ಮೂರು ವಾರ ರಜೆ ಹಾಕಿ ವಿಮಾನ ಹತ್ತಿದರು.

ಮನೆ ಇದ್ದದ್ದು ಓಪೋಹೊ ಗುಡ್ಡದ ಮೇಲುಭಾಗದಲ್ಲಿ. ಪಾಮರ್ಸ್ಟನ್ ನಾರ್ತ್ ಅಂಗೈಯಷ್ಟು ಸಮ ಇರುವ ಊರು. ಅಲ್ಲಿ ಪೆಡಲಿನಿಂದ ಕಾಲೆತ್ತಿದರೆ ಸೈಕಲ್ಲು ನಿಂತೇ ಹೋಗುತ್ತದೆ. ಇಲ್ಲಿ ಬಾಗಿಲು ತೆಗೆದರೆ ರಸ್ತೆ ಕಾಲ ಕೆಳಗಿನಿಂದ ಜಾರಿ ಹೋಗುತ್ತಿತ್ತು. ಮಾನ್ಯಳ ಪುಟ್ಟ ಕೆಂಪು ಕಾರು, ಗೇರಿನದು, ಮನೆಯ ಪಕ್ಕ ಒಂದು ವಾರದಿಂದ ಕದಲದೆ ನಿಂತಿತ್ತು. ಚಂದ್ರಿಕಾ ಅದರ ಪಕ್ಕ ಹಾಯುವಾಗ ಮುಖ ಆ ಕಡೆ ತಿರುಗಿಸುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಎಂಟು ವರ್ಷದ ಹಿಂದೆ, ಮಾನ್ಯಳಿಗೆ ಹದಿನೇಳು ಇದ್ದಾಗ, ಚಂದ್ರಿಕಾ ಅವಳನ್ನು ಗುಡ್ಡದಾಚೆಯ ಡ್ಯಾನೆವರ್ಕ್‌ನಲ್ಲಿ ನಡೆಯುತ್ತಿದ್ದ ಒಂದು ಪಂದ್ಯಕ್ಕೆ ಕರೆದೊಯ್ಯುತ್ತಿದ್ದರು. ಕಣಿವೆಯ ರಸ್ತೆ ಗುಡ್ಡ ಕುಸಿದು ಮುಚ್ಚಿತ್ತು. ಹಾಲಿನ ಟ್ಯಾಂಕರು, ಕುರಿ ಲಾರಿ, ಎಲ್ಲವೂ ಸ್ಯಾಡಲ್ ರೋಡಿನ ಕಡಿದಾದ ಏರನ್ನೇ ಹತ್ತಬೇಕಾಗಿದ್ದ ಕಾಲ. ಮುಂದಿನ ಟ್ಯಾಂಕರ್ ನಿಂತಿತು. ಚಂದ್ರಿಕಾ ನಿಲ್ಲಿಸಿದರು, ಹ್ಯಾಂಡ್‌ಬ್ರೇಕ್ ಎಳೆದರು, ಎಳೆದೆನೆಂದೇ ಅಂದುಕೊಂಡರು. ಕಾರು ಹಿಂದಕ್ಕೆ ಜಾರತೊಡಗಿತು. ಓರೆಯಾಗಿ ಹೋಗಿ ಹುಲ್ಲುಗಾವಲಿನ ತಂತಿ ಬೇಲಿಗೆ ಬಡಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಚಂದ್ರಿಕಾ ಇಳಿದು ರಸ್ತೆಯ ಪಕ್ಕ ನಿಂತವರು ಮತ್ತೆ ಕಾರು ಹತ್ತಲಿಲ್ಲ. ಹಿಂದೆ ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ಬಂದ ರೈತನೊಬ್ಬ ಅವರ ಕಾರನ್ನು ಆಚೆ ದಾಟಿಸಿಕೊಟ್ಟ. ಆ ವಾರವೇ ಶ್ರೀನಿವಾಸ್ ಆಟೋಮ್ಯಾಟಿಕ್ ಕಾರು ಕೊಂಡರು. ಚಂದ್ರಿಕಾ ಅದರಲ್ಲಿ ಮನೆ, ಲ್ಯಾಬು, ತರಕಾರಿ ಅಂಗಡಿ, ಲೈಬ್ರರಿ, ಇಷ್ಟು ಬಿಟ್ಟು ಬೇರೆಲ್ಲಿಗೂ ಹೋಗಲಿಲ್ಲ. ಲ್ಯಾಬಿನವರು ಹೊಲಗಳಿಗೆ ಹೋಗಿ ಬೆಳೆ ಪರೀಕ್ಷಿಸುವ ಮೇಲಿನ ಹುದ್ದೆ ಕೊಡುತ್ತೇವೆಂದಾಗ, ಅದರಲ್ಲಿ ಗುಡ್ಡಗಾಡು ಸುತ್ತಬೇಕೆಂದು ಬೇಡವೆಂದರು. “ಮನೆ ನೋಡ್ಕೋಬೇಕಲ್ಲ” ಎಂದು ಎಲ್ಲರಿಗೂ ಹೇಳಿದರು.

ಆರನೆಯ ದಿನ ಬೆಳಿಗ್ಗೆ ಮಾನ್ಯ ಮಂಡಿಯ ಹೊಲಿಗೆ ಬಿಚ್ಚಿಸಲು ಹೋಗಬೇಕಿತ್ತು. ರಸ್ತೆಯ ಮೇಲೆಲ್ಲ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಟ್ಯಾಕ್ಸಿಯವನು ಮೇಲೆ ಹತ್ತುವುದಿಲ್ಲ, ನೀವೇ ಕೆಳಗಿನ ರಸ್ತೆಗೆ ಬನ್ನಿ ಎಂದ. ಊರುಗೋಲಿನಲ್ಲಿ ಆ ಜಾರುವ ಇಳಿಜಾರನ್ನು ಹೇಗೆ ಇಳಿಯುವುದು? ಮಾನ್ಯ ಫೋನ್ ಮಾಡಿ ಬೇರೆ ದಿನ ಕೇಳಿದಳು. ಫೋನ್ ಇಡುವಾಗ ಕಿಟಕಿಯಾಚೆ ಕೆಂಪು ಕಾರನ್ನೊಮ್ಮೆ ನೋಡಿದಳು.

ಚಂದ್ರಿಕಾ ಅಡುಗೆಮನೆಗೆ ಹೋಗಿ, ಒರೆಸಿದ್ದ ಕಟ್ಟೆಯನ್ನೇ ಒರೆಸತೊಡಗಿದರು. “ಮಧ್ಯಾಹ್ನಕ್ಕೆ ಬಿಸಿಬೇಳೆಬಾತ್ ಮಾಡ್ಲಾ? ಬೀನ್ಸ್ ಇಲ್ಲ. ಆನ್‌ಲೈನಲ್ಲಿ ತರಿಸ್ತೀಯಾ ಪುಟ್ಟಿ?”

“ಅಮ್ಮಾ,” ಎಂದಳು ಮಾನ್ಯ. ದನಿ ಮೆತ್ತಗೇ ಇತ್ತು. “ನೀನು ಬಂದಿದ್ದು ಹೆಲ್ಪ್ ಮಾಡೋಕೆ. ನಂಗೆ ಟ್ಯಾಕ್ಸಿ ನಾನೇ ನೋಡ್ಬೇಕು. ನಿಂಗೆ ಬೀನ್ಸ್ ನಾನೇ ತರಿಸ್ಬೇಕು. ನಿಂಗೆ ಬೋರ್ ಆಗ್ತಿದ್ಯಾ ಅಂತ ವರಿನೂ ನಾನೇ ಮಾಡ್ಬೇಕು. ಮನೇಲಿ ಗೆಸ್ಟ್ ಇದ್ದ ಹಾಗೆ ಆಗಿದೆ ನಂಗೆ.”

ಚಂದ್ರಿಕಾ ಬಟ್ಟೆ ಹಿಂಡಿ ನಲ್ಲಿಯ ಮೇಲೆ ಹಾಕಿದರು. ಕೋಟು ಹಾಕಿಕೊಂಡು, “ಬೀನ್ಸ್ ನಾನೇ ತರ್ತೀನಿ,” ಎಂದು ಹೊರಬಿದ್ದರು.

ಬಿಸಿಲು ಬಿದ್ದು ರಸ್ತೆ ಕರಗಿತ್ತು. ಮೂಲೆಯಲ್ಲಿ ಬಸ್ಸು ಸಿಕ್ಕಿತು. ಅದು ಗುಡ್ಡ ಇಳಿಯತೊಡಗಿದಾಗ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡರು. ತಿರುವುಗಳಲ್ಲೆಲ್ಲ ಬಾಯಿಂದ ತಾನಾಗಿ ಬರುತ್ತಿತ್ತು: “ಅಯ್ಯೋ ಶಿವನೇ. ಅಯ್ಯೋ ನಮ್ಮಪ್ಪ. ನಿಧಾನ, ನಿಧಾನ.”

ಎಷ್ಟೋ ಹೊತ್ತಿನ ಮೇಲೆ ಡ್ರೈವರ್ ಸೀಟಿನಿಂದ ದನಿ ಬಂತು. “ಕಣ್ಣು ಬಿಡಿ ಅಕ್ಕಾ. ಬಸ್ಸು ನಿಂತೈತೆ.”

ಚಂದ್ರಿಕಾ ಕಣ್ಣು ಬಿಟ್ಟರು. ಬೇರೆಯವರೆಲ್ಲ ಇಳಿದಿದ್ದರು. ನಲವತ್ತರ ಆಸುಪಾಸಿನ ಡ್ರೈವರು ಕನ್ನಡಿಯಲ್ಲಿ ಅವರನ್ನೇ ನೋಡುತ್ತಿದ್ದ. ಹೆಸರು ತಿಪ್ಪೇಸ್ವಾಮಿ, ಹೊಸದುರ್ಗದ ಕಡೆಯವನು. ಹದಿಮೂರು ವರ್ಷದ ಹಿಂದೆ ಓದಲೆಂದು ಬಂದು ಇಲ್ಲೇ ನಿಂತಿದ್ದ; ಹೆಂಡತಿ ನರ್ಸು. ಇಷ್ಟನ್ನು ಅವನು ಹೇಳಿದ್ದು ಆಮೇಲೆ, ಚಂದ್ರಿಕಾ ಬೀನ್ಸ್ ಹಿಡಿದು ಅದೇ ಬಸ್ಸಿಗೆ ಕಾದು ವಾಪಸು ಹತ್ತಿದಾಗ. ಕೊನೆಯ ಸ್ಟಾಪಿನಲ್ಲಿ ಅವನಿಗೆ ಏಳು ನಿಮಿಷ ಬಿಡುವು.

“ಈ ರೋಡಲ್ಲಿ ದಿನಾ ಹೆಂಗ್ ಓಡಿಸ್ತೀರಿ?” ಎಂದು ಕೇಳಿದರು.

“ಮೊದಲ ಚಳಿಗಾಲದಾಗೆ ಇಲ್ಲೇ, ಆ ಮೂಲೇಲಿ, ಬಸ್ ನಿಲ್ಲಿಸಿ ಡಿಪೋಗೆ ಫೋನ್ ಮಾಡಿ ಅತ್ತಿದೀನಿ ಅಕ್ಕಾ. ಇಪ್ಪತ್ತು ಜನ ಕೂತಿದ್ರು ಒಳಗೆ.”

ಚಂದ್ರಿಕಾ ಬೀನ್ಸಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ತಾನು ಕೇಳಬಹುದೆಂದು ಅಂದುಕೊಂಡೇ ಇರದಿದ್ದ ಮಾತನ್ನು ಕೇಳಿದರು. “ನಂಗೆ ಹೇಳ್ಕೊಡ್ತೀರಾ? ಏರಲ್ಲಿ ಗಾಡಿ ನಿಲ್ಸಿ ಎತ್ತೋದು. ಲೈಸೆನ್ಸ್ ಇದೆ. ಮೈಸೂರಲ್ಲೇ ಕಲ್ತಿದ್ದೆ.”

ತಿಪ್ಪೇಸ್ವಾಮಿಗೆ ಬೆಳಗಿನ ಪಾಳಿ ಒಂದು, ಸಂಜೆಯ ಪಾಳಿ ಒಂದು; ನಡುವೆ ನಾಲ್ಕು ಗಂಟೆ ಖಾಲಿ. ಮರುದಿನ ಹತ್ತೂವರೆಗೆ ಬಂದ. ಬ್ಯಾಟರಿ ಸತ್ತು ಹೋಗುತ್ತದೆ, ಸ್ವಲ್ಪ ಓಡಾಡಿಸಿ ಬರುತ್ತೇವೆ ಎಂದು ಚಂದ್ರಿಕಾ ಮಗಳ ಹತ್ತಿರ ಕೀಲಿ ಇಸಿದುಕೊಂಡರು. ಮಾನ್ಯ ಅಮ್ಮನನ್ನೂ, ಬಾಗಿಲಲ್ಲಿ ನಿಂತಿದ್ದ ಬಸ್ ಡ್ರೈವರ್ ಅಂಕಲ್ಲನ್ನೂ ನೋಡಿ ಕೀಲಿ ಕೊಟ್ಟಳು. ಕಾರು ಹೊರಡುವಾಗ ಅವಳು ಊರುಗೋಲಿನ ಮೇಲೆ ಕಿಟಕಿಯ ಹತ್ತಿರ ನಿಂತಿದ್ದುದು ಚಂದ್ರಿಕಾಗೆ ಕಾಣಿಸಿತು.

ಕೆಳಗಿನವರೆಗೂ ತಿಪ್ಪೇಸ್ವಾಮಿಯೇ ಓಡಿಸಿದ. ಕಣಿವೆಯ ಸಮತಟ್ಟಿನಲ್ಲಿ ಚಂದ್ರಿಕಾ ಕೂತರು. ಗೇರು, ಕ್ಲಚ್ಚು, ಎಲ್ಲ ನೆನಪಿತ್ತು, ಕಾಲು ಮರೆತಿರಲಿಲ್ಲ. ಆಮೇಲೆ ಅವನು ಒಂದು ಸಣ್ಣ ಏರಿಗೆ ತಿರುಗಿಸಿ ನಡುವೆ ನಿಲ್ಲಿಸಿ ಎಂದ.

“ಹ್ಯಾಂಡ್‌ಬ್ರೇಕ್ ಎಳೀರಿ. ಕ್ಲಚ್ ನಿಧಾನಕ್ಕೆ ಬಿಡ್ತಾ ಬನ್ನಿ, ಆಕ್ಸಿಲರೇಟರ್ ಒಂಚೂರು ಕೊಡಿ. ಗಾಡಿ ಮೂಗು ಎತ್ತುತ್ತೆ. ಎತ್ತಿದ ಮೇಲೆ ಬ್ರೇಕ್ ಬಿಡಿ. ಅದು ಎತ್ತೋವರ್ಗೂ ಹಿಂದೆ ಯಾರ್ ಹಾರನ್ ಹೊಡೆದ್ರೂ ನಿಮ್ಗೆ ಕೇಳ್ಸೋದಿಲ್ಲ.”

ಮೊದಲ ಸಲ ಗಾಡಿ ಆಫ್ ಆಯಿತು. ಎರಡನೆಯ ಸಲವೂ. ಮೂರನೆಯ ಸಲ ಬ್ರೇಕು ಬೇಗ ಬಿಟ್ಟರು. ಕಾರು ಎರಡು ಮೊಳ ಹಿಂದಕ್ಕೆ ಜಾರಿತು. ತಿಪ್ಪೇಸ್ವಾಮಿ ತಾನೇ ಬ್ರೇಕ್ ಎಳೆದು ನಿಲ್ಲಿಸಿದ. ಚಂದ್ರಿಕಾ ಬೆಲ್ಟು ಬಿಚ್ಚಿದರು, ಬಾಗಿಲು ತೆಗೆದರು, ಇಳಿದರು, ನಡೆದೇಬಿಟ್ಟರು. ಹಿಂದಿನಿಂದ ಅವನು ಕರೆದದ್ದು ಕೇಳಿಸಿತು, ತಿರುಗಲಿಲ್ಲ. ಅರ್ಧ ಗಂಟೆ ಏದುಸಿರು ಬಿಡುತ್ತ ಗುಡ್ಡ ಹತ್ತಿದರು. ಬೆನ್ನು ಬೆವತು, ಮುಖ ಚಳಿಗೆ ಮರಗಟ್ಟಿತ್ತು.

ಮೇಲೆ ಬಂದು ನೋಡಿದರೆ ಕೆಂಪು ಕಾರು ತನ್ನ ಜಾಗದಲ್ಲಿತ್ತು. ಅದಕ್ಕೊರಗಿ ತಿಪ್ಪೇಸ್ವಾಮಿ ನಿಂತಿದ್ದ.

“ಕ್ಷಮಿಸಿ,” ಎಂದರು ಚಂದ್ರಿಕಾ. “ನನ್ ಕೈಲಿ ಆಗಲ್ಲ.”

“ನಡ್ಕೊಂಡು ಹತ್ತಿ ಬಂದ್ರಲ್ಲ ಅಕ್ಕಾ. ಅಷ್ಟೇ ಏರು. ಗಾಡೀಲಿ ಕೂತ್ರೆ ಜಾಸ್ತಿ ಏನ್ ಆಗಲ್ಲ,” ಎಂದು ಕೀಲಿ ಕೊಟ್ಟ. “ನಾಳೆ ಇದೇ ಟೈಮಿಗೆ ಬರ್ತೀನಿ. ಬೇಡ ಅನ್ಸಿದ್ರೆ ಬಾಗ್ಲು ತೆಗೀಬೇಡಿ.”

ಆ ದಿನ ಚಂದ್ರಿಕಾ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬಾಗಿಲು ತೆಗೆಯಬಾರದು ಎಂದು ಒಂದು ಸಲ, ಹೊಸ್ತಿಲಿಗೆ ಬಂದವನ ಮುಖಕ್ಕೆ ಬಾಗಿಲು ಮುಚ್ಚುವುದೇ ಎಂದು ಇನ್ನೊಂದು ಸಲ. ಮರುದಿನ ಹತ್ತೂವರೆಗೆ ಅವನು ಬರುವ ಮೊದಲೇ ಕೋಟು ಹಾಕಿಕೊಂಡು ಗೇಟಿನಲ್ಲಿದ್ದರು. ಆ ದಿನ ಹನ್ನೊಂದು ಸಲ ನಿಲ್ಲಿಸಿ ಎತ್ತಿದರು. ನಾಲ್ಕು ಸಲ ಆಫ್ ಆಯಿತು. ಅದರ ಮರುದಿನ ಬೇರೆ ಬೇರೆ ರಸ್ತೆಗಳಲ್ಲಿ. ಶುಕ್ರವಾರ ತಿಪ್ಪೇಸ್ವಾಮಿ ಪಕ್ಕದಲ್ಲಿ ಕೈಕಟ್ಟಿ ಕೂತ. ಮನೆಯವರೆಗೂ ಚಂದ್ರಿಕಾರೇ ಬಂದರು. ಅವನಿಗೆ ಬಿಸಿಬೇಳೆಬಾತಿನ ಡಬ್ಬಿ ಕೊಟ್ಟು ಕಳಿಸಿದರು. ಇಷ್ಟಾದರೂ ಸ್ಟೀರಿಂಗ್ ಮುಟ್ಟುವ ಮೊದಲು ಹ್ಯಾಂಡ್‌ಬ್ರೇಕ್ ಎಳೆದಿದೆಯೇ ಎಂದು ಎರಡೆರಡು ಸಲ ನೋಡುತ್ತಿದ್ದರು.

ಶನಿವಾರ ಮಾನ್ಯ ಕೋಚಿಂಗ್ ಮಾಡುತ್ತಿದ್ದ ಹುಡುಗಿಯರ ನೆಟ್‌ಬಾಲ್ ತಂಡಕ್ಕೆ ಮುಖ್ಯ ಪಂದ್ಯವಿತ್ತು. ತಾನು ಹೋಗಲಾರೆನೆಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ತಿಂಡಿಯ ತಟ್ಟೆ ಎತ್ತುತ್ತ ಚಂದ್ರಿಕಾ, “ಎಷ್ಟೊತ್ತಿಗೆ ಮ್ಯಾಚು?” ಎಂದರು.

“ಹನ್ನೊಂದು. ಯಾಕೆ?”

“ಜಾಕೆಟ್ ಹಾಕ್ಕೊ. ನಾನು ಕರ್ಕೊಂಡ್ ಹೋಗ್ತೀನಿ.”

ಮಾನ್ಯ ಅವರ ಮುಖ ನೋಡಿದಳು. “ಆರ್ ಯು ಶೂರ್, ಅಮ್ಮಾ?”

“ಇಲ್ಲ,” ಎಂದರು ಚಂದ್ರಿಕಾ. “ಬೇಗ ಹೊರಡು, ನಾನು ಮನಸ್ಸು ಬದಲಾಯಿಸೋದ್ರೊಳಗೆ.”

ಇಳಿಯುವುದು ಸುಲಭವಾಗಿಯೇ ಆಯಿತು. ಬಂದರಿನ ಹತ್ತಿರದ ದೊಡ್ಡ ಒಳಾಂಗಣ ಕ್ರೀಡಾಂಗಣದಲ್ಲಿ ಹುಡುಗಿಯರು ಮಾನ್ಯಳನ್ನು ಕಂಡು ಓಡಿಬಂದರು. ತಂಡ ಎರಡು ಗೋಲಿನಿಂದ ಸೋತಿತು. ಅವಳು ಒಂದೇ ಕಾಲಿನ ಮೇಲೆ ನಿಂತು ಒಬ್ಬೊಬ್ಬಳ ಬೆನ್ನನ್ನೂ ತಟ್ಟಿದಳು. ಮೆಟ್ಟಿಲ ಮೇಲೆ ಕೂತ ಚಂದ್ರಿಕಾಗೆ ಆಟ ಕಾಣಿಸುತ್ತಿರಲಿಲ್ಲ. ವಾಪಸು ಹತ್ತಬೇಕಾದ ರಸ್ತೆಯ ಒಂದೊಂದು ತಿರುವೂ ಕಣ್ಣ ಮುಂದಿತ್ತು.

ಹೆದರಿದ್ದೇ ಆಯಿತು. ಅರ್ಧ ಗುಡ್ಡ ಹತ್ತಿದ್ದರು. ಎರಡೂ ಕಡೆ ಕಾರು ನಿಲ್ಲಿಸಿ ಇಕ್ಕಟ್ಟಾದ ಜಾಗದಲ್ಲಿ, ಮೇಲಿನಿಂದ ಕಸದ ಲಾರಿ ಇಳಿದು ಬಂತು. ಚಂದ್ರಿಕಾ ನಿಲ್ಲಿಸಿದರು. ಹಿಂದೆ ಒಂದು ಬಿಳಿ ಯೂಟ್ ಬಂದು ಅಂಟಿಕೊಂಡಂತೆ ನಿಂತಿತು. ಲಾರಿ ದಾಟಿ ಹೋಯಿತು. ಚಂದ್ರಿಕಾ ಕ್ಲಚ್ ಬಿಟ್ಟರು. ಗಾಡಿ ಒಮ್ಮೆ ಕುಪ್ಪಳಿಸಿ ಆಫ್ ಆಯಿತು. ಯೂಟ್‌ನವನು ಹಾರನ್ ಒತ್ತಿದ.

ಮಗಳು ಏನಾದರೂ ಹೇಳುತ್ತಾಳೇನೋ ಎಂದು ಆ ಕಡೆ ನೋಡಿದರು. ಮಾನ್ಯ ನೆಟ್ಟಗೆ ಮುಂದೆ ನೋಡುತ್ತಿದ್ದಳು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಅವುಗಳ ಮೇಲೆ ಕೂತಿದ್ದಳು.

“ಯಾಕೆ ಹಾಗೆ ಕೂತಿದ್ದೀಯ?”

“ಏನಿಲ್ಲ. ನೀನು ಡ್ರೈವ್ ಮಾಡು.”

“ಕೈ ಯಾಕೆ ಹಾಗಿಟ್ಕೊಂಡಿದ್ದೀಯ ಮಾನ್ಯ?”

“ಹ್ಯಾಂಡ್‌ಬ್ರೇಕ್ ಮುಟ್ಟಬಾರ್ದು ಅಂತ,” ಎಂದಳು. “ಅವತ್ತು ಸ್ಯಾಡಲ್ ರೋಡಲ್ಲಿ ನೀನು ಸರಿಯಾಗೇ ಎಳ್ದಿದ್ದೆ, ಅಮ್ಮಾ. ನಂಗೆ ಪ್ಯಾನಿಕ್ ಆಯ್ತು. ಇನ್ನೂ ಟೈಟ್ ಮಾಡೋಣ ಅಂತ ಬಟನ್ ಒತ್ತಿ ಎಳೆಯೋಕೆ ಹೋದೆ. ಅದು ಕೆಳಗೆ ಹೋಗ್ಬಿಡ್ತು. ಇಟ್ ವಾಸ್ ಮಿ.”

ಯೂಟ್‌ನವನು ಮತ್ತೊಮ್ಮೆ ಹಾರನ್ ಒತ್ತಿದ. ಅದು ಚಂದ್ರಿಕಾಗೆ ನಿಜವಾಗಿಯೂ ಕೇಳಿಸಲಿಲ್ಲ. ಕೀಲಿ ತಿರುಗಿಸಿದರು. ಕ್ಲಚ್ಚನ್ನು ಬಿಡುತ್ತ ಬಂದರು, ಬಾನೆಟ್ಟು ಒಂದಿಷ್ಟು ಮೇಲೆದ್ದಿತು, ಬ್ರೇಕು ಬಿಟ್ಟರು. ಕಾರು ಒಂದು ಬೆರಳಷ್ಟೂ ಹಿಂದೆ ಸರಿಯದೆ ಮೇಲಕ್ಕೆ ಹೊರಟಿತು.

ಮನೆ ಬಂತು. ಅವರು ನಿಲ್ಲಿಸಲಿಲ್ಲ.

“ಅಮ್ಮಾ, ಮನೆ ದಾಟ್ತು.”

“ಗೊತ್ತು.”

ರಸ್ತೆ ಇನ್ನೂ ಮೇಲಕ್ಕೆ, ಸಿಗ್ನಲ್ ಹಿಲ್ ಕಡೆಗೆ ಹೋಗುತ್ತಿತ್ತು. ತಿಪ್ಪೇಸ್ವಾಮಿಯ ಜೊತೆಗೂ ಆ ಕಡೆ ಹೋಗಿರಲಿಲ್ಲ. ಮನೆಗಳು ಮುಗಿದವು, ಪೈನ್ ಮರಗಳು ಬಂದವು, ಅವೂ ಮುಗಿದು ಬರೀ ಹುಲ್ಲು ಉಳಿಯಿತು. ಚಂದ್ರಿಕಾ ಎರಡನೆಯ ಗೇರಿನಲ್ಲೇ ಓಡಿಸಿದರು. ಹೆದರಿಕೆ ಯಾವಾಗಲೋ ಬಿಟ್ಟುಹೋಗಿತ್ತು. ಎದೆಯಲ್ಲಿ ಬೇರೇನೋ ಕುದಿಯುತ್ತಿತ್ತು. ಎಂಟು ವರ್ಷ. ಆ ಎಂಟು ವರ್ಷ ಯಾವ ಏರು ಕಂಡರೂ ಬ್ರೇಕ್ ಎಳೆದ ತನ್ನ ಎಡಗೈಯನ್ನೇ ಶಪಿಸಿಕೊಂಡಿದ್ದರು.

ತುದಿಯಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲೂ ಬಿಟ್ಟು, ಇಳಿದು ಹೋದರು. ಗಾಳಿ ಕೋಟನ್ನು ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಕೆಳಗೆ ಇಡೀ ಊರು, ಉದ್ದಕ್ಕೆ ಚಾಚಿದ ಕೊಲ್ಲಿ, ಬೂದು ನೀರು. ಅಂಚಿನ ಕಂಬಿಯ ಹತ್ತಿರ ನಿಂತರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನಡೆದರು. ಊರುಗೋಲಿನವಳು ಆ ಗಾಳಿಯಲ್ಲಿ ಇಳಿಯುವ ಹಾಗಿರಲಿಲ್ಲ; ಗಾಜಿನ ಹಿಂದೆ ಕೂತು ನೋಡುತ್ತಿದ್ದಳು. ಹತ್ತು ನಿಮಿಷದ ಮೇಲೆ ಚಂದ್ರಿಕಾ ವಾಪಸು ಬಂದು ಕೂತರು.

“ಆವತ್ತೇ ಯಾಕೆ ಹೇಳ್ಲಿಲ್ಲ?”

“ಹೇಳ್ಬೇಕು ಅಂತಾನೇ ಇದ್ದೆ. ಅಷ್ಟರಲ್ಲಿ ಅಪ್ಪ ಕಾರ್ ಚೇಂಜ್ ಮಾಡಿದ್ರು. ಆಮೇಲೆ ನೀನು ನಿಂಗೆ ಡ್ರೈವಿಂಗ್ ಇಷ್ಟಾನೇ ಇಲ್ಲ ಅಂತ ಎಲ್ರಿಗೂ ಹೇಳ್ತಿದ್ದೆ. ನಾನು ನಂಬ್ದೆ. ನಂಬೋದು ಈಸಿ ಇತ್ತು.”

“ಹೊಲದ ಕೆಲಸ ಬೇಡ ಅಂದೆ ಕಣೇ ನಾನು. ನಂಗೆ ಆಸೆ ಇತ್ತು.”

ಮಾನ್ಯಳಿಗೆ ಅದು ಗೊತ್ತಿರಲಿಲ್ಲ. ಅವಳ ಕಣ್ಣು ತುಂಬಿತು. ಚಂದ್ರಿಕಾ ಸಮಾಧಾನ ಮಾಡಲಿಲ್ಲ. ಸಮಾಧಾನ ಮಾಡುವಷ್ಟು ಮನಸ್ಸು ಇನ್ನೂ ಬಂದಿರಲಿಲ್ಲ. “ಸಾರಿ, ಅಮ್ಮಾ,” ಎಂದಾಗ, “ಹೂಂ” ಎಂದಷ್ಟೇ ಹೇಳಿ ಕಾರು ತಿರುಗಿಸಿದರು.

ಎರಡು ದಿನ ಅಮ್ಮ ಮಗಳ ನಡುವೆ ಊಟ, ಮಾತ್ರೆ, ಐಸ್ ಪ್ಯಾಕ್ ಬಿಟ್ಟು ಬೇರೆ ಮಾತಿರಲಿಲ್ಲ. ಚಂದ್ರಿಕಾ ಮೂರು ಹೊತ್ತೂ ಏನಾದರೊಂದು ನೆಪ ಮಾಡಿ ಕಾರು ತೆಗೆದರು. ಹಾಲು ಮುಗಿಯುವ ಮೊದಲೇ ಮೂಲೆಯ ಅಂಗಡಿಗೆ ಹೋಗಿ ಹಾಲು ತಂದರು. ಒಂದು ಸಲ ಎಡಗಡೆಯ ಕನ್ನಡಿಯನ್ನು ಯಾರದೋ ಅಂಚೆ ಪೆಟ್ಟಿಗೆಗೆ ತಾಗಿಸಿಕೊಂಡು ಬಂದರು. ಭಾನುವಾರ ಸಂಜೆ ಶ್ರೀನಿವಾಸ್ ಫೋನ್ ಮಾಡಿದಾಗ ಅವರಿಗೆ ಎಲ್ಲವನ್ನೂ ಹೇಳಿದವಳು ಮಾನ್ಯಳೇ. ಸ್ಪೀಕರಿನಲ್ಲಿ ಶ್ರೀನಿವಾಸ್, “ನಾನೂ ಒಂದು ಮಾತು ಕೇಳ್ದೆ ಕಾರು ಬದಲಾಯಿಸ್ಬಿಟ್ಟೆ. ಮತ್ತೆ ಓಡಿಸ್ತೀಯಾ ಅಂತ ನಿಮ್ಮಮ್ಮನ್ನ ಕೇಳ್ಬೇಕಿತ್ತು,” ಎಂದರು. ಪಾತ್ರೆ ಉಜ್ಜುತ್ತಿದ್ದ ಚಂದ್ರಿಕಾ ನಲ್ಲಿ ನಿಲ್ಲಿಸಿ ಆ ಮಾತನ್ನು ಪೂರ್ತಿ ಕೇಳಿಸಿಕೊಂಡರು.

ಸೋಮವಾರ ಹೊಲಿಗೆ ಬಿಚ್ಚಿಸಲು, ಫಿಸಿಯೋ ಹತ್ತಿರ ಹೋಗಲು ಒಂದೇ ಸಲ ಹೊರಟರು. ಗುಡ್ಡ ಇಳಿಯುವಾಗ ಮಾನ್ಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಎದುರಿಗೆ ಬಸ್ಸು ಬಂತು. ತಿಪ್ಪೇಸ್ವಾಮಿ ಒಂದು ಬೆರಳೆತ್ತಿದ, ಚಂದ್ರಿಕಾ ಸ್ಟೀರಿಂಗಿನಿಂದ ಕೈ ತೆಗೆಯುವ ಧೈರ್ಯವಾಗದೆ ತಲೆಯಾಡಿಸಿದರು.

ಫಿಸಿಯೋ ಮಂಡಿಯನ್ನು ಮೆಲ್ಲಗೆ ಮಡಿಸತೊಡಗಿದಾಗ ಮಾನ್ಯ ಹಲ್ಲು ಕಚ್ಚಿ ಅಮ್ಮನ ಕೈ ಹಿಡಿದಳು. ಚಂದ್ರಿಕಾ ಬಿಡಿಸಿಕೊಳ್ಳಲಿಲ್ಲ. “ಇನ್ನೂ ಸ್ವಲ್ಪ ಪುಟ್ಟಿ, ಇನ್ನೊಂಚೂರು,” ಎಂದರು. ಆಪರೇಷನ್ ಆದ ಹದಿನೈದು ದಿನದಲ್ಲಿ ಮೊದಲ ಬಾರಿಗೆ ಮಂಡಿ ಅರ್ಧದಷ್ಟು ಮಡಚಿಕೊಂಡಿತು.

ಆಮೇಲೆ ಮಾನ್ಯಳಿಗೆ ಇನ್ನೂ ಇಪ್ಪತ್ತು ನಿಮಿಷ ವ್ಯಾಯಾಮವಿತ್ತು. ಕಾಯುವ ಕೋಣೆಯಲ್ಲಿ ಕೂತ ಚಂದ್ರಿಕಾ ಒಂದು ಪತ್ರಿಕೆ ತೆರೆದು ಮುಚ್ಚಿದರು. ಇನ್ನೂ ಒಂದು ವಾರ ರಜೆ ಬೇಕೆಂದು ಲ್ಯಾಬಿಗೆ ಮೆಸೇಜು ಹಾಕಿದರು. ಎದ್ದು ಕಿಟಕಿಗೆ ಹೋದರು, ಮತ್ತೆ ಕೂತರು. ಕೊನೆಗೆ ಕೌಂಟರಿನ ಹುಡುಗಿಯ ಹತ್ತಿರ ಹೋಗಿ, ಈ ರಸ್ತೆ ಮೇಲಕ್ಕೆ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿದರು. ಅವಳು ಹೇಳಿ ಮುಗಿಸುವಷ್ಟರಲ್ಲಿ, ಮಗಳಿಗೆ ಕಾಲು ಗಂಟೆಯಲ್ಲಿ ಬರುತ್ತೇನೆಂದು ತಿಳಿಸಿ ಎಂದು ಹೇಳಿ, ಕೀಲಿ ತೆಗೆದುಕೊಂಡು ಹೊರಗೆ ನಡೆದರು.